ಅಡುಗೆಕಟ್ಟೆಯ ಎತ್ತರ

ಶನಿವಾರಸಂತೆಯಿಂದ ಒಳಕ್ಕೆ ಹೋದರೆ ಸಿಗುವ ಆ ಹಳ್ಳಿಯಲ್ಲಿ ರುದ್ರಮ್ಮನ ಅಕ್ಕಿರೊಟ್ಟಿಗೆ ಇದ್ದ ಹೆಸರು ಊರ ಪಟೇಲನಿಗೂ ಇರಲಿಲ್ಲ. ತೆಳ್ಳಗೆ ತಟ್ಟಿ ಕಾವಲಿಗೆ ಹಾಕಿದರೆ ಉಬ್ಬಿ ಬರಬೇಕು, ಸೀಯಬಾರದು, ಹಸಿಯೂ ಉಳಿಯಬಾರದು. ಬಿನ್ನಹದ ಊಟಕ್ಕೆ ಬಂದಿದ್ದ ಮಠದ ಸ್ವಾಮಿಗಳು ಬಾಯಿಬಿಟ್ಟು ಕೇಳಿ ಇನ್ನೊಂದು ಹಾಕಿಸಿಕೊಂಡಿದ್ದರು ಎಂಬುದನ್ನು ಅವಳು ನೂರು ಸಲ ಹೇಳಿದ್ದಳು, ಊರೂ ನೂರು ಸಲ ಕೇಳಿತ್ತು.

ಅಂಥವಳು ಒಂದು ಬೆಳಿಗ್ಗೆ ಇದ್ದಕ್ಕಿದ್ದ ಹಾಗೆ ಸೊಸೆಯನ್ನು ಕರೆದು, "ಮಂಗಳಾ, ಇನ್ಮೇಲೆ ಅಡುಗೆಮನೆ ನಿಂದೇ ಕಣೆ. ನಾನು ಕೈ ಹಾಕಲ್ಲ," ಎಂದುಬಿಟ್ಟಳು. ಸೊಸೆ ಸರ್ವಮಂಗಳ ಮನೆ ತುಂಬಿ ಆಗ ಎರಡು ವರ್ಷವೂ ಆಗಿರಲಿಲ್ಲ. ಪಕ್ಕದ ಮನೆಯ ಕಾಮಾಕ್ಷಮ್ಮನಂತೂ ಕಂಡಕಂಡವರಿಗೆಲ್ಲ, "ಒಲೆ ಬಿಟ್ಟುಕೊಡೋ ಅತ್ತೇನ ಎಲ್ಲಾದ್ರೂ ನೋಡಿದೀರಾ? ಮನಸ್ಸು ಅಂದ್ರೆ ಅದು," ಎಂದು ಸಾರಿಕೊಂಡು ಬಂದಳು. ರುದ್ರಮ್ಮ ಬೇಡವೆನ್ನಲಿಲ್ಲ. ಹೊಗಳಿಕೆ ಯಾರಿಗೆ ಕಹಿ?

ನಿಜ ಬೇರೆಯೇ ಇತ್ತು. ಅದರ ಹಿಂದಿನ ದಿನ ನೆಲದ ಒಲೆಯ ಮುಂದೆ ಕುಳಿತವಳಿಗೆ ಏಳಲು ಆಗಿರಲಿಲ್ಲ. ಮಂಡಿಯೊಳಗೆ ಬೆಣೆ ಹೊಡೆದ ಹಾಗೆ ಹಿಡಿದುಕೊಂಡಿತ್ತು. ಮನೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಸರಿಹೋಯಿತು. ಅಂಬೆಗಾಲಿಟ್ಟುಕೊಂಡು ಕಂಬದವರೆಗೆ ಹೋಗಿ, ಕಂಬ ತಬ್ಬಿಕೊಂಡು, ಶಿವ ಶಿವಾ ಎನ್ನುತ್ತ ಎದ್ದಳು. ಕೂತರೆ ಏಳಲಾಗದ ಮುದುಕಿ ಅನ್ನಿಸಿಕೊಳ್ಳುವುದಕ್ಕಿಂತ ದೊಡ್ಡ ಮನಸ್ಸಿನ ಅತ್ತೆ ಅನ್ನಿಸಿಕೊಳ್ಳುವುದು ವಾಸಿ ಎಂದು ಅವತ್ತೇ ತೀರ್ಮಾನಿಸಿದಳು. ಜಗಲಿಯ ಅಂಚಿಗೆ ಕಾಲು ಇಳಿಬಿಟ್ಟು ಕುಳಿತರೆ ಮಂಡಿ ತಂಟೆ ಮಾಡುತ್ತಿರಲಿಲ್ಲ. ಮಗನದು ಮುಗಿದ ಮೇಲೆ ಊಟವೂ ಅಲ್ಲೇ, ಅಕ್ಕಿ ಆರಿಸುವುದೂ ಅಲ್ಲೇ, ಒಳಗಿದ್ದ ಸೊಸೆಗೆ ಹುಕುಂ ಕೊಡುವುದೂ ಅಲ್ಲಿಂದಲೇ.

ಆದರೆ ಕೈ ಸುಮ್ಮನಿರಬೇಕಲ್ಲ. ಸಕಲೇಶಪುರದ ಕಡೆಯಿಂದ ಬಂದ ಸರ್ವಮಂಗಳ ಒಳ್ಳೆಯ ಹುಡುಗಿಯೇ, ಕೆಲಸಗಳ್ಳಿ ಅಲ್ಲ, ಎದುರಾಡುವವಳಲ್ಲ. ರೊಟ್ಟಿ ಮಾತ್ರ ದಪ್ಪ. ಕಳಲೆ ಪಲ್ಯಕ್ಕೆ ಕಾಯಿ ಜಾಸ್ತಿ. ಹುಚ್ಚೆಳ್ಳು ಚಟ್ನಿಯನ್ನು ಮಗುವಿಗೆ ತಿನ್ನಿಸುವ ಹಾಗೆ ನುಣ್ಣಗೆ ರುಬ್ಬಿಬಿಡುತ್ತಿದ್ದಳು. ದಿನಕ್ಕೆರಡು ಸಲ ಆ ರೊಟ್ಟಿ ಮುರಿಯುವಾಗ ರುದ್ರಮ್ಮ ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದಳು. ಒಂದೇ ಒಂದು ಸಲ ಮತ್ತೆ ನನ್ನ ಕೈಯಲ್ಲಿ ಹಿಟ್ಟು ತಟ್ಟುವಂತಾಗಲಿ ಎಂದು ಲಿಂಗಪೂಜೆಯ ಹೊತ್ತಿನಲ್ಲೂ ಬೇಡಿಕೊಳ್ಳುತ್ತಿದ್ದಳು. ದೇವರ ಹತ್ತಿರ ಕೇಳುವುದಕ್ಕೆ ರೊಟ್ಟಿಯ ವಿಷಯವಾ ಅಂತ ನಗಬೇಡಿ. ಅವಳಿಗೆ ಬೇಕಿದ್ದದ್ದು ಅದೊಂದೇ.

ಹೀಗೆ ನಾಲ್ಕು ವರ್ಷ ಕಳೆದ ಮೇಲೆ ಮಗ ಮರುಳಸಿದ್ದಪ್ಪ ಬಿಳಿ ಬಿಲ್ಲೆ ತಂದ.

ಮರುಳಸಿದ್ದಪ್ಪ ಮದುವೆಗೆ ಮುಂಚೆ ಪಾಲಿಬೆಟ್ಟದ ಕಡೆ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನು. ಈಗ ಊರಲ್ಲೇ ಇದ್ದು ಸ್ವಂತ ಗದ್ದೆ, ಕಾಫಿತೋಟ ನೋಡಿಕೊಳ್ಳುತ್ತಿದ್ದ. ಸ್ವಾತಂತ್ರ್ಯ ಬಂದು, ಆಗ ಬೇರೆಯೇ ರಾಜ್ಯವಾಗಿದ್ದ ನಮ್ಮ ಜಿಲ್ಲೆಗೆ ಮಡಿಕೇರಿಯಲ್ಲಿ ನಮ್ಮವರೇ ಮಂತ್ರಿಗಳಾಗಿ ಕೂತ ಮೇಲೂ ಆ ಎಸ್ಟೇಟಿನ ಬಿಳಿ ದೊರೆ ಇನ್ನೂ ಬಂಗಲೆಯಲ್ಲೇ ಇದ್ದ. ಕೊನೆಗೆ ಅವನೂ ಗಂಟುಮೂಟೆ ಕಟ್ಟಿ ಹಡಗು ಹತ್ತಿದ. ಬಂಗಲೆಯ ಉಗ್ರಾಣದಲ್ಲಿ ಉಳಿದಿದ್ದ ಪಿಂಗಾಣಿ ಬಿಲ್ಲೆಗಳನ್ನು ಹಳೆಯ ರೈಟರಿಗೆ ಪ್ರೀತಿಯಿಂದ ಕೊಟ್ಟು ಹೋದ. ಮರುಳಸಿದ್ದಪ್ಪ ಅವನ್ನು ಹುಲ್ಲಿನಲ್ಲಿ ಸುತ್ತಿ, ಕುಶಾಲನಗರದಲ್ಲಿ ಬಸ್ಸು ಬದಲಾಯಿಸಿ, ಎಳೆಗೂಸನ್ನು ತರುವಷ್ಟು ಜೋಪಾನವಾಗಿ ಊರಿಗೆ ತಂದ.

"ಅವ್ವ, ಬಂಗಲೆ ಅಡುಗೆಮನೇಲಿ ಬಟ್ಲರು ನಿಂತ್ಕಂಡೇ ಅಡುಗೆ ಮಾಡ್ತಿದ್ದ. ಸೊಂಟದ ಎತ್ತರಕ್ಕೆ ಕಟ್ಟೆ, ಮೇಲೆ ಬಿಳಿ ಟೈಲ್ಸು, ಒಂದು ತುದೀಲಿ ಒಲೆ. ನಮ್ಮನೇಲೂ ಹಂಗೇ ಮಾಡಿಸ್ತೀನಿ. ಬಗ್ಗಿ ಬಗ್ಗಿ ಮಂಗಳಂಗೆ ಸೊಂಟ ಹಿಡ್ಕಂಡೈತೆ," ಎಂದ.

ನಿಂತುಕೊಂಡು ಅಡುಗೆ! ರುದ್ರಮ್ಮನ ಕಿವಿ ನಿಮಿರಿತು. ಕೂರಬೇಕಾಗಿಲ್ಲ, ಏಳಬೇಕಾಗಿಲ್ಲ. ನಿಲ್ಲುವುದಕ್ಕೆ ಅವಳ ಮಂಡಿ ಇನ್ನೂ ಒಪ್ಪುತ್ತಿತ್ತು. ಅಂದರೆ ರೊಟ್ಟಿ ತಟ್ಟಬಹುದು! ಅಷ್ಟು ಖುಷಿಯಾದ ಹೆಂಗಸು ಬಾಯಿಬಿಟ್ಟು ಹೇಳಿದ್ದೇನು ಗೊತ್ತೆ? "ಥೂ, ನಿಂತ್ಕಂಡು ಬೇಯಿಸೋಕೆ ಇದೇನು ಹೋಟ್ಲಾ? ಮಾಡ್ಸು, ಮಾಡ್ಸು, ಹೆಂಡ್ತಿ ಸೊಂಟ ನೋವು ಕಣ್ಣಿಗೆ ಕಾಣಿಸ್ತದೆ ನಿಂಗೆ." ಮಗನಿಗೆ ಅವ್ವನ ಮಂಡಿ ಕಾಣಿಸಲಿಲ್ಲವೆಂಬ ಸಿಟ್ಟು ಅದರಲ್ಲಿತ್ತು. ಕಾಣಿಸದ ಹಾಗೆ ಬಚ್ಚಿಟ್ಟವಳು ಅವಳೇ.

ಕಟ್ಟೆ ಕಟ್ಟಲು ಬಂದವನು ಜವರಯ್ಯ ಮೇಸ್ತ್ರಿ. ಕಲ್ಲಿನ ಕೆಲಸಕ್ಕೆ ಆ ಸುತ್ತಿನಲ್ಲಿ ಅವನನ್ನು ಬಿಟ್ಟರೆ ಇನ್ನೊಬ್ಬನಿರಲಿಲ್ಲ. ಬಾವಿಗೆ ಕಟ್ಟೆ, ಕಣಕ್ಕೆ ಕಲ್ಲು, ಎಲ್ಲಕ್ಕೂ ಅವನೇ. ಲಿಂಗವಂತರ ಮನೆಯಲ್ಲಿ ಸಾವಾದರೆ ಸಮಾಧಿಯ ಗುಣಿ ತೋಡಿಸಿ ಮೇಲೆ ಕಲ್ಲು ಕೂರಿಸುವವನೂ ಅವನೇ. ಆ ಗುಣಿಗೆ ಸತ್ತವರ ಪಾದದ್ದೇ ಅಳತೆ. ಹೋದವರ ಅಂಗಾಲಿಗೆ ದಾರ ಹಿಡಿದು, ಗಂಟು ಹಾಕಿ, ಆ ಗಂಟಿನ ಲೆಕ್ಕದಲ್ಲೇ ಅಗೆಯಬೇಕು. ರುದ್ರಮ್ಮನ ಗಂಡ ತೀರಿಕೊಂಡಾಗಲೂ ಜವರಯ್ಯ ಹಾಗೇ ಮಾಡಿದ್ದ. ಬಾಗಿಲ ಹತ್ತಿರ ಬಗ್ಗಿ ಯಜಮಾನರ ಪಾದಕ್ಕೆ ದಾರ ಹಿಡಿದದ್ದು ಅವಳ ಕಣ್ಣಿಗೆ ಕಟ್ಟಿದ ಹಾಗೆ ನೆನಪಿತ್ತು.

ಈಗ ಅದೇ ಜವರಯ್ಯ ಜಗಲಿಯ ಮುಂದೆ ಬಂದು ನಿಂತ. ಸೊಂಟದಿಂದ ದಾರದುಂಡೆ ತೆಗೆದ.

"ದೊಡ್ಡವ್ವಾರೆ, ಒಸಿ ಎದ್ದು ನಿಂತ್ಕಳಿ. ಕಟ್ಟೆ ಅಂದ್ರೆ ನಿಂತು ಕೆಲ್ಸ ಮಾಡೋರ ಅಳತೆಗೇ ಇರ್ಬೇಕು. ಮನೆಗೆ ಹಿರೀಕರು ನೀವು, ನಿಮ್ಮದೇ ಮೊದ್ಲು ತಗೀತೀನಿ," ಎಂದು ಅವಳ ಪಾದದ ಹತ್ತಿರ ಬಗ್ಗಿ ದಾರದ ತುದಿಯಿಟ್ಟ.

ರುದ್ರಮ್ಮ ಚೇಳು ಕಂಡವಳ ಹಾಗೆ ಕಾಲು ಮೇಲೆಳೆದುಕೊಂಡಳು. "ಎಲಾ ಇವ್ನ! ನನ್ನ ಪಾದಕ್ಕೆ ದಾರ ಹಿಡೀತೀಯೇನೋ? ಇನ್ನೂ ಉಸುರಾಡ್ತಾ ಕೂತಿದೀನಿ ಕಣೋ! ಯಜಮಾನ್ರನ್ನ ಅಳೆದಿದ್ದು ಸಾಲ್ದಾ?"

"ಅಯ್ಯೋ ಶಿವನೇ, ಅದಕ್ಕಲ್ಲ ಅವ್ವಾರೆ, ಕಟ್ಟೆಗೆ…"

"ಯಾವ ಕಟ್ಟೇಗೂ ಬೇಡ. ಅಡುಗೆ ಮಾಡೋಳು ಒಳಗವ್ಳೆ. ಅವಳದ್ದು ಅಳ್ಕೋ ಹೋಗು!"

ಜವರಯ್ಯ ಪಾಪ, ದಾರ ಸುತ್ತಿಕೊಂಡು ಒಳಗೆ ಹೋದ. ಸರ್ವಮಂಗಳ ಒಳ್ಳೆ ಕಾಫಿತೋಟದ ಸಿಲ್ವರ್ ಮರದ ಹಾಗೆ ಎತ್ತರದ ಹೆಂಗಸು. ಅವಳ ಪಾದದಿಂದ ಮಡಚಿದ ಮುಂಗೈವರೆಗೆ ದಾರ ಹಿಡಿದು ಗಂಟು ಹಾಕಿದ. ರುದ್ರಮ್ಮ ನಿಂತರೆ ಸೊಸೆಯ ಭುಜಕ್ಕೂ ಬರುತ್ತಿರಲಿಲ್ಲ. ಆ ಗಳಿಗೆಯಲ್ಲಿ ಅವಳಿಗೆ ಅದು ತೋಚಲಿಲ್ಲ. ಸಾವಿನ ದಾರ ತಪ್ಪಿಸಿಕೊಂಡೆನಲ್ಲ ಎಂಬ ಸಮಾಧಾನವೇ ದೊಡ್ಡದಾಗಿತ್ತು.

ಮಾರನೆಯ ದಿನ ಕೆಲಸ ಶುರುವಾಯಿತು. ಅಡುಗೆಯನ್ನು ಹಿತ್ತಿಲ ಚಪ್ಪರಕ್ಕೆ ಸಾಗಿಸಿದರು. ರುದ್ರಮ್ಮ ಮಾತ್ರ ಅಡುಗೆಮನೆ ಬಾಗಿಲಿಗೆ ಎದುರಾಗಿ ಜಗಲಿಯ ತುದಿಯಲ್ಲಿ ಠಿಕಾಣಿ ಹೂಡಿದಳು. ತನಗಾಗಿಯೇ ಆಗುತ್ತಿರುವ ಕಟ್ಟೆ ಎಂದು ಅವಳು ಒಳಗೊಳಗೇ ಅಂದುಕೊಂಡಿದ್ದಳಲ್ಲ, ಅದು ಅಲ್ಲಾಡಕೂಡದು.

ಜವರಯ್ಯ ನೆಲಕ್ಕೆ ಹಾರೆ ಹಾಕಿ ನೋಡಿದ. ತಲೆಮಾರುಗಳಿಂದ ಸಗಣಿ ಸಾರಿಸಿದ ನೆಲ ಮೇಲೆ ಗಟ್ಟಿಯಾಗಿತ್ತು, ಒಂದು ಗೇಣು ಕೆಳಗೆ ಬರೀ ಪುಡಿಮಣ್ಣು, ಇಲಿಬಿಲ. "ಇದ್ರ ಮೇಲೆ ಕೂರಿಸಿದ್ರೆ ಮಳೆಗಾಲಕ್ಕೆ ಒಂದು ಮಗ್ಗುಲು ಕೂತ್ಕಂತದೆ. ಬಿಲ್ಲೆ ಎಲ್ಲ ಸೀಳ್ತವೆ," ಎಂದ.

"ಹಂಗಾದ್ರೆ ಅಗಿ," ಎಂದಳು ರುದ್ರಮ್ಮ.

ಮೊಣಕಾಲುದ್ದ ಅಗೆದು, "ಸಾಕಾ?" ಎಂದ.

"ಹಾರೆ ಠಣ್ ಅನ್ನೋವರ್ಗೂ ಅಗಿ. ಅಡಿಪಾಯ ಅಂದ್ರೆ ತಮಾಷೆನಾ?"

ಠಣ್ ಅನ್ನುವವರೆಗೂ ಅಗೆದ. ಕೆಳಗೆ ದೊಡ್ಡ ಕಾಡುಕಲ್ಲು ಜೋಡಿಸಿ ಸಂದಿಗೆ ಸುಣ್ಣದ ಗಾರೆ ತುಂಬಿದ. ಮಣ್ಣಿನ ಗಾರೆ ಸಾಕೆಂದ ಮಗನನ್ನು ರುದ್ರಮ್ಮ ಗದರಿಸಿ ಬಾಯಿ ಮುಚ್ಚಿಸಿದಳು. ನೆಲದ ಮಟ್ಟ ದಾಟಿದ ಮೇಲೆ ಸುತ್ತ ಕಲ್ಲಿನ ಗೋಡೆ ಎಬ್ಬಿಸಿ, ನಡುವಿಗೆ ಇಟ್ಟಿಗೆ ಚೂರು, ಸುಣ್ಣ ತುಂಬಿ, ಮರದ ಕೊರಡಿನಿಂದ ಬಡಿದ. ಬಡಿದ ಸಾಲಿಗೆ ನೀರು ಕುಡಿಸಿ, ಅದು ಬಿಗಿದುಕೊಳ್ಳುವ ತನಕ ಕಾದು, ಮತ್ತೆ ತುಂಬಿ, ಮತ್ತೆ ಬಡಿದ. "ಇನ್ನೊಂದೆರಡು ಏಟು ಬೀಳ್ಲಿ" ಎಂದು ಜಗಲಿಯಿಂದ ಹುಕುಂ ಬರುತ್ತಲೇ ಇತ್ತು. "ಅವ್ವಾರೆ, ಆನೆ ಕಟ್ಟಿದ್ರೂ ಇದು ಅಲ್ಲಾಡಲ್ಲ," ಎಂದು ಜವರಯ್ಯ ಬೆವರೊರೆಸಿಕೊಂಡು ನಕ್ಕ. ರುದ್ರಮ್ಮನಿಗೆ ಅದನ್ನು ಕೇಳಿ ಹಾಲು ಕುಡಿದಷ್ಟು ಸಂತೋಷವಾಯಿತು.

ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಮೇಸ್ತ್ರಿ ಊಟಕ್ಕೆ ಹೋಗಿದ್ದಾಗ ಒಂದು ಮಧ್ಯಾಹ್ನ ಒಳಗೆ ಹೋಗಿ ಕಟ್ಟೆಯ ಪಕ್ಕ ನಿಂತಳು. ಅದು ಆಗಲೇ ಸೊಂಟಕ್ಕೆ ಬಂದಿತ್ತು. ಇಷ್ಟೇ ಸಾಕು, ಹೇಳಿ ಮಾಡಿಸಿದ ಹಾಗಿದೆ ಎಂದುಕೊಂಡು ಅಂಚನ್ನು ಸವರಿದಳು. ಜವರಯ್ಯ ಬಂದವನೇ ಗೋಡೆಗೆ ಇಳಿಬಿಟ್ಟಿದ್ದ ದಾರ ನೋಡಿ ಇನ್ನೊಂದು ಸಾಲು ಕಲ್ಲು ಎತ್ತಿಕೊಂಡ.

"ಇನ್ನೂ ಎಲ್ಲಿಗೋ? ದೇವಸ್ಥಾನ ಕಟ್ತಿದೀಯಾ?"

"ಚಿಕ್ಕವ್ವಾರ ಗಂಟು ಇನ್ನೂ ಮೇಲೈತಲ್ಲ ಅವ್ವಾರೆ."

"ಒಲೆ ಅಷ್ಟು ಮೇಲಿದ್ರೆ ಹೊಗೆ ಮುಖಕ್ಕೆ ಹೊಡೀತದೆ. ತಗ್ಗಿಸು."

"ಹೊಗೆ ಹೋಗಾಕೆ ಗೋಡೇಲಿ ಕಿಂಡಿ ಬಿಟ್ಟಿವ್ನಿ."

ಮಾತಿಗೆ ಮಾತು ಅವನ ಹತ್ತಿರ ಇತ್ತು. ನಿಜವಾದ ಮಾತೊಂದೇ ಅವಳ ಹತ್ತಿರ ಇತ್ತು, ಅದನ್ನು ಆಡುವ ಹಾಗಿರಲಿಲ್ಲ. ನನ್ನ ಎತ್ತರಕ್ಕೆ ಕಟ್ಟು ಅಂದರೆ, ನಿಮಗ್ಯಾಕೆ ಅನ್ನುತ್ತಾರೆ. ಮಂಡಿ ಹೋಗಿದೆ ಅಂದರೆ, ನಾಲ್ಕು ವರ್ಷ ಹೊಗಳಿಸಿಕೊಂಡದ್ದೆಲ್ಲ ಸುಳ್ಳಾಯಿತಲ್ಲ. ಕಾಮಾಕ್ಷಮ್ಮನ ಕಿವಿಗೆ ಬಿದ್ದರೆ ಶನಿವಾರಸಂತೆಯ ಸಂತೆಯಲ್ಲೂ ಅದೇ ಸುದ್ದಿ. ಸಾಲು ಕಲ್ಲು ಏರಿತು, ಅದರ ಮೇಲೆ ಚಪ್ಪಡಿ ಕೂತಿತು, ರಸಮಟ್ಟ ಇಟ್ಟು ಜವರಯ್ಯ ಅತ್ತಿತ್ತ ನೋಡಿ ತೃಪ್ತಿಯಿಂದ ತಲೆಯಾಡಿಸಿದ. ರುದ್ರಮ್ಮ ಜಗಲಿಯಲ್ಲಿ ಕೂತು ಸೆರಗಿನ ತುದಿ ತಿರುಚುತ್ತಿದ್ದಳು.

ಬಿಲ್ಲೆ ಅಂಟಿಸುವ ಹಿಂದಿನ ಸಂಜೆ ಮರುಳಸಿದ್ದಪ್ಪ ಬಂದು ಪಕ್ಕ ಕೂತ. "ಅವ್ವ, ಒಂದ್ಸಲ ಬಂದು ನೋಡು. ಸಿಮೆಂಟು ಹಾಕಿ ಟೈಲ್ಸು ಕೂರಿಸಿದ್ಮೇಲೆ ಏನೂ ಮಾಡಕ್ಕಾಗಲ್ಲ. ಎತ್ತರ ಸರಿ ಐತಾ?"

ಕೇಳಿದ್ದನಲ್ಲ, ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂತು. ಅಷ್ಟರಲ್ಲಿ ಬೇಲಿಯಾಚೆ ಕಾಮಾಕ್ಷಮ್ಮ ಬಟ್ಟೆ ತೆಗೆಯುತ್ತಿದ್ದದ್ದು ಕಾಣಿಸಿತು. "ಬೇಯಿಸೋಳು ಅವಳು, ನನ್ನ ಕೇಳ್ತೀಯಲ್ಲ. ನಂಗೂ ಒಲೆಗೂ ಏನೋ ಸಂಬಂಧ?" ಎಂದು ಮುಖ ತಿರುಗಿಸಿದಳು. ಮಾರನೆಯ ದಿನ ಬಿಲ್ಲೆ ಕೂತವು. ಬೆಳ್ಳಗೆ, ನುಣ್ಣಗೆ, ಮುಖ ಕಾಣುವ ಹಾಗೆ ಹೊಳೆದವು. ರುದ್ರಮ್ಮನಿಗೆ ಮಾತ್ರ ಅವುಗಳಲ್ಲಿ ಮುಖ ಕಾಣಬೇಕಾದರೆ ತುದಿಗಾಲಲ್ಲಿ ನಿಲ್ಲಬೇಕಿತ್ತು.

ಸೋಮವಾರ ಹೊಸ ಒಲೆ ಹಚ್ಚಿದರು. ಹಾಲು ಉಕ್ಕಿಸುವುದು ಹಿರಿಯ ಮುತ್ತೈದೆಯ ಕೆಲಸವೆಂದು ಕಾಮಾಕ್ಷಮ್ಮ ಮುಂದೆ ಬಂದಳು. ಅಲ್ಲಿಯವರೆಗೆ ಸುಮ್ಮನಿದ್ದ ಸರ್ವಮಂಗಳ, "ನಮ್ಮನೆ ಒಲೆಗೆ ನಮ್ಮತ್ತೇನೇ ಹಾಲಿಡಬೇಕು," ಎಂದು ಹಟ ಹಿಡಿದಳು. ರುದ್ರಮ್ಮ ತಡಮಾಡದೆ ಎದ್ದಳು. ವಿಭೂತಿ ಹಚ್ಚಿಕೊಂಡು ಹೋಗಿ ಕಟ್ಟೆಯ ಮುಂದೆ ನಿಂತಳು. ಕಟ್ಟೆ ಎದೆಗೆ ಬಂತು. ಅದರ ಮೇಲೆ ಒಲೆ, ಒಲೆಯ ಮೇಲೆ ಪಾತ್ರೆ. ಪಾತ್ರೆಯ ತಳಕ್ಕೆ ಹತ್ತಿದ ಮಸಿ ಬಿಟ್ಟರೆ ಅವಳಿಗೆ ಏನೂ ಕಾಣಿಸಲಿಲ್ಲ. ಹಾಲು ಯಾವಾಗ ಏರಿತೋ, ಯಾವಾಗ ಉಕ್ಕಿತೋ, ಬುಸ್ಸೆಂದು ಒಲೆಗೆ ಬಿದ್ದು ಬೆಂಕಿ ಆರಿ ಬೂದಿ ಮುಖಕ್ಕೆ ಹಾರಿತು. "ಚೆನ್ನಾಗುಕ್ತು, ಚೆನ್ನಾಗುಕ್ತು! ಮನೆ ತುಂಬ್ತದೆ," ಎಂದು ಎಲ್ಲರೂ ಸಂಭ್ರಮಪಟ್ಟರು. ರುದ್ರಮ್ಮ ಕಣ್ಣೊರೆಸಿಕೊಂಡಳು. ಬೂದಿ ಬಿತ್ತು ಎಂದಳು.

ಅದಾಗಿ ಸ್ವಲ್ಪ ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ. ಜವರಯ್ಯ ದಾರಿಯಲ್ಲಿ ಸಿಕ್ಕಾಗ, ಯಾರದೋ ಮನೆಯ ವಿಷಯದ ಹಾಗೆ, ಕಟ್ಟಿದ ಕಟ್ಟೇನ ಒಂದು ಗೇಣು ಇಳಿಸೋಕಾಗ್ತದಾ ಎಂದು ಕೇಳಿದಳು. "ಬೇರೆಯೋರ ಮನೇದಾದ್ರೆ ಆಗ್ತಿತ್ತೇನೋ. ನಿಮ್ಮನೇದು ಹಾರೆ ಹಾಕಿದ್ರೆ ಗೋಡೆ ಸಮೇತ ಬತ್ತದೆ. ಗಟ್ಟಿ ಮಾಡು, ಗಟ್ಟಿ ಮಾಡು ಅಂತ ನೀವೇ ಅಲ್ವಾ ಬಡಿಸಿದ್ದು?" ಎಂದು ಅವನು ಹೆಮ್ಮೆಯಿಂದ ನಕ್ಕ. ಅವಳಿಗೆ ನಗು ಬರಲಿಲ್ಲ.

ಒಂದು ಬೆಳಿಗ್ಗೆ ಮರುಳಸಿದ್ದಪ್ಪ ಸೋಮವಾರಪೇಟೆಗೆ ಹೋಗಿದ್ದ. ಸರ್ವಮಂಗಳ ಕಣದಲ್ಲಿ ಕಾಫಿ ಹರಡಲು ಹೋದಳು. ರುದ್ರಮ್ಮ ಕೊಟ್ಟಿಗೆಗೆ ಹೋಗಿ ಹಾಲು ಕರೆಯುವ ಮುಕ್ಕಾಲಿಯನ್ನು ಎತ್ತಿಕೊಂಡು ಬಂದು ಕಟ್ಟೆಯ ಬುಡಕ್ಕಿಟ್ಟಳು. ಅಂಚು ಹಿಡಿದು, ಹಲ್ಲು ಕಚ್ಚಿ, ಒಂದೊಂದೇ ಕಾಲು ಎತ್ತಿ ಹತ್ತಿದಳು. ಮಂಡಿ ಚುಳ್ಳೆಂದರೂ ಬಿಡಲಿಲ್ಲ. ಹತ್ತಿ ನಿಂತಾಗ ಕಟ್ಟೆ ಸರಿಯಾಗಿ ಸೊಂಟಕ್ಕೆ ಬಂತು. ಕಾವಲಿ ಕಂಡಿತು, ಕೆಂಡ ಕಂಡಿತು. ಸೊಸೆ ಬಿಸಿನೀರಿನಲ್ಲಿ ಉಕ್ಕರಿಸಿಟ್ಟಿದ್ದ ಹಿಟ್ಟಿನಿಂದ ಒಂದು ಉಂಡೆ ತೆಗೆದು ಬಿಳಿ ಬಿಲ್ಲೆಯ ಮೇಲೆ ತಟ್ಟಿದಳು. ಅಬ್ಬಾ, ಎಂಥಾ ನುಣುಪು! ಮಣೆಯೂ ಬೇಡ, ಬಾಳೆಲೆಯೂ ಬೇಡ. ಬೆರಳುಗಳು ಯಾವುದನ್ನೂ ಮರೆತಿರಲಿಲ್ಲ. ಮೊದಲ ರೊಟ್ಟಿ ಕಾವಲಿಯ ಮೇಲೆ ಉಬ್ಬಿದಾಗ ರುದ್ರಮ್ಮ ಒಬ್ಬಳೇ ನಕ್ಕಳು.

"ಅತ್ತೇ!"

ಬಾಗಿಲಲ್ಲಿ ಸರ್ವಮಂಗಳ ನಿಂತಿದ್ದಳು. ರುದ್ರಮ್ಮ ಗಾಬರಿಯಾಗಿ ತಿರುಗಿದಳು, ಮುಕ್ಕಾಲಿ ವಾಲಿತು. ಸೊಸೆ ಓಡಿಬಂದು ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಲ್ಲಿ ಅದನ್ನು ಅದುಮಿ ಹಿಡಿದಳು.

"ಇಳೀರಿ ಅತ್ತೆ. ಬಿದ್ದು ಸೊಂಟ ಮುರ್ಕೊಂಡ್ರೆ? ರೊಟ್ಟಿ ಬೇಕು ಅಂದಿದ್ರೆ ನಾನು ಮಾಡಿಕೊಡ್ತಿರ್ಲಿಲ್ವಾ?"

"ಇಳಿಯಕ್ಕಾಗಲ್ಲ ಕಣೆ," ಎಂದಳು ರುದ್ರಮ್ಮ. ಬೇರೆ ಏನಾದರೂ ಹೇಳಬೇಕೆಂದು ನೋಡಿದಳು, ಏನೂ ಹೊಳೆಯಲಿಲ್ಲ. "ಮಂಡಿ ಹೋಗೈತೆ. ಈಗಲ್ಲ, ಅವತ್ತೇ ಹೋಗಿತ್ತು. ಒಲೆ ಮುಂದೆ ಕೂತೋಳಿಗೆ ಏಳಕ್ಕಾಗ್ಲಿಲ್ಲ. ಅದ್ಕೆ ಅಡುಗೆಮನೆ ನಿಂಗೆ ಬಿಟ್ಟೆ. ದೊಡ್ಡ ಮನಸ್ಸೂ ಇಲ್ಲ, ಮಣ್ಣಾಂಗಟ್ಟೀನೂ ಇಲ್ಲ."

ಸರ್ವಮಂಗಳ ತಲೆಯೆತ್ತಲಿಲ್ಲ. ಮುಕ್ಕಾಲಿಯ ಕಾಲನ್ನು ಇನ್ನೂ ಬಿಗಿಯಾಗಿ ಹಿಡಿದಳು.

"ನಾನೇನಂದ್ಕಂಡಿದ್ದೆ ಗೊತ್ತಾ?" ಎಂದಳು ಆಮೇಲೆ. "ನನ್ನ ಜೊತೆ ಒಂದು ಒಲೆ ಮುಂದೆ ಕೂರಕ್ಕೆ ನಿಮಗೆ ಇಷ್ಟ ಇಲ್ಲ, ಅದ್ಕೇ ಎದ್ದು ಹೋದ್ರಿ ಅಂದ್ಕಂಡಿದ್ದೆ. ಊರೋರೆಲ್ಲ ಪುಣ್ಯವಂತೆ ಅಂತಿದ್ರು. ನಾನು ಒಬ್ಳೇ ಈ ಹೊಗೇಲಿ ಕೂತ್ಕಂಡು ಅಳ್ತಿದ್ದೆ. ಒಂದು ಮಾತು ಹೇಳಬಾರ್ದಿತ್ತಾ ಅತ್ತೆ?"

ಅವಳ ದನಿಯಲ್ಲಿ ಸಿಟ್ಟಿತ್ತು, ಇರಬೇಕಾದದ್ದೇ. ರುದ್ರಮ್ಮನಿಗೆ ಬಹಳ ನಾಚಿಕೆಯಾಯಿತು. ಊರಿನ ಮುಂದೆ ನಾಚಿಕೆಯಾಗಬಾರದೆಂದು ಇಷ್ಟೆಲ್ಲ ಮಾಡಿದವಳು, ಮನೆಯೊಳಗೆ ಒಂದು ಹೆಣ್ಣು ದಿನವೂ ಅತ್ತದ್ದನ್ನು ತಿಳಿಯಲಿಲ್ಲ. ಜಗಲಿಯಿಂದ ರೊಟ್ಟಿಯ ದಪ್ಪ ಮಾತ್ರ ಕಾಣಿಸಿತ್ತು.

"ತಪ್ಪಾಯ್ತು ಕಣೆ ಮಂಗಳಾ," ಎಂದಳು.

ಸರ್ವಮಂಗಳ ಮೂಗೊರೆಸಿಕೊಂಡಳು. "ನಾಳೇನೇ ಜವರಯ್ಯನ್ನ ಕರೆಸ್ತೀನಿ. ಕಟ್ಟೆ ಉದ್ದಕ್ಕೆ ಅರ್ಧ ಭಾಗಕ್ಕೆ ಒಂದು ಕಲ್ಲಿನ ಮೆಟ್ಲು ಹಾಕ್ಲಿ. ನೀವು ಮೇಲ್ ನಿಂತ್ಕಳಿ, ನಾನು ಕೆಳಗೆ ನಿಂತ್ಕತೀನಿ."

"ಅವ್ನು ನನ್ನ ಕಾಲಿಗೆ ದಾರ ಹಿಡೀತಾನೆ."

"ಹಿಡೀಲಿ ಬಿಡಿ, ಏನಾಗ್ತದೆ?"

"ಏನೂ ಆಗಲ್ಲ. ಹಿಡೀಲಿ," ಎಂದಳು ರುದ್ರಮ್ಮ. ಸೀಯುವ ವಾಸನೆ ಬಂದು ತಟ್ಟನೆ ಕಾವಲಿಯ ಕಡೆ ತಿರುಗಿದಳು. ಸೀದ ರೊಟ್ಟಿಯನ್ನು ಪಕ್ಕಕ್ಕೆಸೆದು ಇನ್ನೊಂದು ತಟ್ಟಿದಳು. ಇದು ಎರಡೂ ಕಡೆ ಹದವಾಗಿ ಉಬ್ಬಿತು. ಅದನ್ನು ಕಾವಲಿಯಿಂದ ತೆಗೆದು, ಬೆಣ್ಣೆ ಸವರಿ, ಮಡಚಿ ಕೆಳಗೆ ಚಾಚಿದಳು. "ತಗೋ. ಬಿಸಿ ಐತೆ, ಊದ್ಕಂಡು ತಿನ್ನು."

"ನಾನಾ? ನಿಮ್ಮ ಮಗ ಬರ್ಲಿ, ಆಮೇಲೆ…"

"ಅವನು ಬಂದಾಗ ಅವನಿಗೆ. ತಿನ್ನು ಅಂದ್ರೆ ತಿನ್ನು."

ಸರ್ವಮಂಗಳ ಒಂದು ಕೈಯಲ್ಲಿ ಮುಕ್ಕಾಲಿ ಬಿಡದೆ, ಇನ್ನೊಂದು ಕೈಯಲ್ಲಿ ರೊಟ್ಟಿ ಹಿಡಿದು ಮುರಿದಳು. ಆವಿ ಎದ್ದಿತು. ಒಂದು ತುತ್ತು ಬಾಯಿಗಿಟ್ಟುಕೊಂಡವಳು ಅಗಿಯುವುದನ್ನು ನಿಲ್ಲಿಸಿದಳು.

"ಯಾಕೆ? ಉಪ್ಪು ಸಾಲ್ದಾ?" ರುದ್ರಮ್ಮ ಗಾಬರಿಯಿಂದ ಕೇಳಿದಳು.

"ಸರಿಯಾಗೈತೆ ಅತ್ತೆ. ಮದುವೆಯಾಗಿ ಬಂದ್ಮೇಲೆ ಒಲೆಯಿಂದ ಇಳಿದ ರೊಟ್ಟಿ ನಾನು ತಿಂದೇ ಇರ್ಲಿಲ್ಲ. ಎಲ್ರದ್ದೂ ಆಗೋ ಹೊತ್ತಿಗೆ ಆರಿ ಹೋಗಿರೋದು."

ರುದ್ರಮ್ಮ ಕೈಯ ಹಿಟ್ಟು ಉಜ್ಜಿಕೊಂಡಳು. ತಾನು ಈ ಮನೆಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾಯಿತು, ತಾನು ಬಿಸಿ ರೊಟ್ಟಿ ತಿಂದದ್ದು ಯಾವಾಗ ಎಂದು ಯೋಚಿಸಿ ನೋಡಿದಳು. ಸ್ವಾಮಿಗಳು ತಿಂದದ್ದು ನೆನಪಿತ್ತು, ಯಜಮಾನರು, ಮಗ, ಬಂದು ಹೋದ ನೆಂಟರು ತಿಂದದ್ದೆಲ್ಲ ನೆನಪಿತ್ತು. ತಾನು ತಿಂದದ್ದು ನೆನಪಾಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು, ಈ ಸಲ ಬೂದಿಯ ನೆಪ ಹೇಳಲಿಲ್ಲ.

"ಇನ್ನೊಂದು ಹಾಕ್ತೀನಿ," ಎಂದು ಹಿಟ್ಟಿನ ಉಂಡೆಗೆ ಕೈ ಹಾಕಿದಳು. "ಇದು ಆದ್ಮೇಲೆ ನೀನು ಹತ್ತು, ನಂಗೊಂದು ಮಾಡ್ಕೊಡು. ದಪ್ಪ ಆದ್ರೂ ಪರ್ವಾಗಿಲ್ಲ, ಬಿಸಿ ಇರ್ಲಿ."

"ನಾನ್ಯಾಕೆ ಹತ್ಲಿ ಅತ್ತೆ? ನಂಗೆ ಕೆಳಗಿಂದ್ಲೇ ಎಟುಕ್ತದೆ," ಎಂದು ಸರ್ವಮಂಗಳ ಬಾಯ್ತುಂಬ ರೊಟ್ಟಿ ಇಟ್ಟುಕೊಂಡು ನಕ್ಕಳು.